ಹೆಸರಿಲ್ಲದ ಪತ್ರ, ಹೆಸರುಳ್ಳ ಪತ್ರಿಕೆ

1983ರ ಜುಲೈಯಲ್ಲಿ ದೆಹಲಿಯ ‘ಪೇಟ್ರಿಯಟ್’ ದಿನಪತ್ರಿಕೆಯಲ್ಲಿ ಒಂದು ಪತ್ರ ಅಚ್ಚಾಯಿತು. ಬರೆದವರ ಹೆಸರಿರಲಿಲ್ಲ, ಅಮೆರಿಕದ ಹೆಸರಾಂತ ವಿಜ್ಞಾನಿ ಎಂದಷ್ಟೇ ಇತ್ತು. ಏಡ್ಸ್ ಎಂಬ ಹೊಸ ಕಾಯಿಲೆಯನ್ನು ಅಮೆರಿಕದ ಸೇನೆಯೇ ಮೇರಿಲ್ಯಾಂಡಿನ ಫೋರ್ಟ್ ಡೆಟ್ರಿಕ್‌ನಲ್ಲಿ ಹುಟ್ಟುಹಾಕಿದೆ, ಇಂಥ ಪ್ರಯೋಗಗಳು ಇನ್ನು ಪಾಕಿಸ್ತಾನದಲ್ಲಿ ನಡೆಯಲಿವೆ, ಭಾರತಕ್ಕೂ ಗಂಡಾಂತರ ಕಾದಿದೆ ಎಂಬುದು ಅದರ ಸಾರ.

ನಾನು ಬಹುಕಾಲ ಕನ್ನಡ ಪತ್ರಿಕೆಯೊಂದರಲ್ಲಿ ಓದುಗರ ಪತ್ರಗಳನ್ನು ತಿದ್ದಿದವನು. ಹೆಸರು, ವಿಳಾಸ ಇಲ್ಲದ ಪತ್ರ ಎಷ್ಟೇ ಸೊಗಸಾಗಿದ್ದರೂ ನಮ್ಮಲ್ಲಿ ಅಚ್ಚಿಗೆ ಹೋಗುತ್ತಿರಲಿಲ್ಲ. ಬೀದಿದೀಪ ಉರಿಯುತ್ತಿಲ್ಲ ಎಂಬ ದೂರಿಗೂ ಅದೇ ನಿಯಮ. ಹೆಸರು ಗುಟ್ಟಾಗಿಡಿ ಎಂದು ಕೇಳಿದವರದ್ದೂ ನಮ್ಮ ಕಡತದಲ್ಲಿ ಇರಲೇಬೇಕಿತ್ತು. ಒಂದು ಇಡೀ ದೇಶದ ಮೇಲೆ ರೋಗ ಹರಡಿದ ಆರೋಪ ಹೊರಿಸುವ ಪತ್ರಕ್ಕೆ ಇಷ್ಟಾದರೂ ಎಚ್ಚರ ಬೇಡವೇ?

ಆ ಪತ್ರದ ಹಿಂದೆ ಇದ್ದದ್ದು ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿ. ಸುಳ್ಳನ್ನು ಹೆಣೆದ ರೀತಿ ನೋಡಿ. ಏಡ್ಸ್ ನಿಜ. ಫೋರ್ಟ್ ಡೆಟ್ರಿಕ್‌ನಲ್ಲಿ ಹಿಂದೆ ರೋಗಾಣು ಅಸ್ತ್ರಗಳ ಸಂಶೋಧನೆ ನಡೆದದ್ದೂ ನಿಜ. ಈ ಎರಡು ನಿಜಗಳ ನಡುವೆ ಒಂದು ಸುಳ್ಳನ್ನು ಕೂರಿಸಿದ್ದರು. ಪತ್ರ ಅಚ್ಚಾದಾಗ ದೊಡ್ಡ ಗದ್ದಲವೇನೂ ಆಗಲಿಲ್ಲ. ಎರಡು ವರ್ಷ ಬಿಟ್ಟು, 1985ರ ಅಕ್ಟೋಬರಿನಲ್ಲಿ ಮಾಸ್ಕೋದ ‘ಲಿತರತುರ್ನಯ ಗಜೆತ’ ವಾರಪತ್ರಿಕೆ ಅದೇ ಕಥೆಯನ್ನು ಹೊರಗೆಳೆಯಿತು. ಆಧಾರವೆಂದು ತೋರಿಸಿದ್ದು ಭಾರತದ ಪತ್ರಿಕೆಯನ್ನು! ಮರುವರ್ಷ ಪೂರ್ವ ಜರ್ಮನಿಯ ವಿಜ್ಞಾನಿ ಯಾಕೋಬ್ ಸೇಗಲ್ ಅದಕ್ಕೆ ವಿಜ್ಞಾನದ ವೇಷ ತೊಡಿಸಿದರು. 1987ರ ಹೊತ್ತಿಗೆ ಕಥೆ 80ಕ್ಕೂ ಹೆಚ್ಚು ದೇಶಗಳಲ್ಲಿ, 30ಕ್ಕೂ ಹೆಚ್ಚು ಭಾಷೆಗಳಲ್ಲಿ ಸುತ್ತಾಡಿತ್ತು. 1992ರಲ್ಲಿ ರಷ್ಯಾದ ಗುಪ್ತಚರ ಮುಖ್ಯಸ್ಥ ಯೆವ್ಗೆನಿ ಪ್ರಿಮಕೋವ್ ಇದು ತಮ್ಮವರದೇ ಕೆಲಸ ಎಂದು ಒಪ್ಪಿಕೊಂಡರು. ಎಚ್‌ಐವಿ ಮಧ್ಯ ಆಫ್ರಿಕಾದ ಚಿಂಪಾಂಜಿಗಳಿಂದ ಮನುಷ್ಯರಿಗೆ ದಾಟಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಎಂದು ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ.

ಇಲ್ಲಿ ಬಳಕೆಯಾದದ್ದು ಪತ್ರಿಕೆಯ ಮರ್ಯಾದೆ. ‘ಪೇಟ್ರಿಯಟ್’ ಎಡ ಒಲವಿನ ಪತ್ರಿಕೆ. ಕ್ವಿಟ್ ಇಂಡಿಯಾ ಚಳವಳಿಯ ಅರುಣಾ ಅಸಫ್ ಅಲಿ ಅದನ್ನು ಕಟ್ಟಿದವರಲ್ಲಿ ಒಬ್ಬರು. ಮಾಸ್ಕೋ ಹೇಳಿದರೆ ಜಗತ್ತು ನಂಬುತ್ತಿರಲಿಲ್ಲ. ಅಲಿಪ್ತ ದೇಶದ, ಸ್ವತಂತ್ರ ಭಾರತದ ಪತ್ರಿಕೆ ಹೇಳಿದರೆ ಕಿವಿಗೊಡುತ್ತಿತ್ತು.

ಕೆಜಿಬಿಯ ಕಡತಗಳನ್ನು ನಕಲು ಮಾಡಿ ಬ್ರಿಟನ್ನಿಗೆ ಒಯ್ದ ವಾಸಿಲಿ ಮಿತ್ರೋಖಿನ್ ಅವರ ದಾಖಲೆಗಳ ಎರಡನೆಯ ಸಂಪುಟ 2005ರಲ್ಲಿ ಹೊರಬಂತು. 1973ರ ಹೊತ್ತಿಗೆ ಭಾರತದ 10 ಪತ್ರಿಕೆಗಳು ತನ್ನಿಂದ ಹಣ ಪಡೆಯುತ್ತಿದ್ದವು, 1972ರಲ್ಲಿ ಒಟ್ಟು 3,789 ಲೇಖನಗಳನ್ನು ಹಾಕಿಸಿದ್ದೆ ಎಂಬ ಕೆಜಿಬಿಯ ಲೆಕ್ಕ ಅದರಲ್ಲಿದೆ. ಮೇಲಧಿಕಾರಿಗಳನ್ನು ಮೆಚ್ಚಿಸಲು ಉಬ್ಬಿಸಿದ ಅಂಕಿಗಳೂ ಇದ್ದಾವು. ಅರ್ಧ ಕಳೆದರೂ ಸಣ್ಣ ಸಂಗತಿಯಲ್ಲ.

ಇನ್ನೊಂದು ಬಣವೂ ಸುಮ್ಮನಿರಲಿಲ್ಲ. ಲಂಡನ್ನಿನ ಪ್ರತಿಷ್ಠಿತ ‘ಎನ್‌ಕೌಂಟರ್’ ಮಾಸಿಕಕ್ಕೆ ಅಮೆರಿಕದ ಸಿಐಎ ಹಣ ಬರುತ್ತಿದ್ದುದು 1967ರಲ್ಲಿ ಬಯಲಾದಾಗ ಸಂಪಾದಕ, ಕವಿ ಸ್ಟೀಫನ್ ಸ್ಪೆಂಡರ್ ರಾಜೀನಾಮೆ ಕೊಟ್ಟರು. ನಂಬಿ ಬರೆದ ಎಷ್ಟೋ ಲೇಖಕರಿಗೆ ಆ ಹಣದ ಮೂಲ ಗೊತ್ತೇ ಇರಲಿಲ್ಲ.

ವಿದೇಶಿ ಪ್ರಚಾರವೆಲ್ಲ ಮೋಸವಲ್ಲ. ನುಣುಪು ಕಾಗದದ ‘ಸೋವಿಯತ್ ಲ್ಯಾಂಡ್’ ನಮ್ಮ ಮನೆಗೂ ಬರುತ್ತಿತ್ತು. ಓದಿ ಮುಗಿದ ಮೇಲೆ ನಮ್ಮ ಶಾಲೆಯ ನೋಟ್‌ಬುಕ್ಕುಗಳಿಗೆ ಅದೇ ಕಾಗದದ ಹೊದಿಕೆ. ಅಮೆರಿಕದವರ ‘ಸ್ಪ್ಯಾನ್’ ಕೂಡ ಹಾಗೆಯೇ. ಯಾರ ದುಡ್ಡು, ಯಾರ ಮಾತು ಎಂಬುದು ಅವುಗಳಲ್ಲಿ ಸ್ಪಷ್ಟವಿತ್ತು. ಒಪ್ಪುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಗುಟ್ಟಿನ ಹಣ ಓದುಗರ ಆ ಹಕ್ಕನ್ನೇ ಕಸಿಯುತ್ತದೆ.

ನಮ್ಮ ಕಾನೂನು ಇದನ್ನು ಹಿಂದೆಯೇ ಗುರುತಿಸಿದೆ. 1976ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯೇ ಪತ್ರಿಕೆಗಳ ಮಾಲೀಕರು, ಸಂಪಾದಕರು, ವರದಿಗಾರರು, ಅಂಕಣಕಾರರು, ವ್ಯಂಗ್ಯಚಿತ್ರಕಾರರು ವಿದೇಶಿ ವಂತಿಗೆ ಪಡೆಯುವುದನ್ನು ನಿಷೇಧಿಸಿತು. 2010ರ ಕಾಯ್ದೆ ಟಿವಿಯಂಥ ಮಾಧ್ಯಮಗಳನ್ನೂ ಸೇರಿಸಿತು. ಆದರೆ ಕಾನೂನು ಕಾಯುವುದು ಹಣದ ದಾರಿಯನ್ನು ಮಾತ್ರ. ‘ಪೇಟ್ರಿಯಟ್’ನ ಪತ್ರದಂತೆ ಅಂಚೆಯಲ್ಲಿ ಬಂದು ಕೂರುವ ಸುಳ್ಳನ್ನು ತಡೆಯಬೇಕಾದವರು ಡೆಸ್ಕಿನಲ್ಲಿರುವವರು.

ಹಾಗೆಂದು, ಸರ್ಕಾರವನ್ನು ಪ್ರಶ್ನಿಸಿದ ಪತ್ರಕರ್ತರಿಗೆಲ್ಲ ‘ವಿದೇಶಿ ಏಜೆಂಟ್’ ಎಂಬ ಹಣೆಪಟ್ಟಿ ಅಂಟಿಸುವುದು ಅಷ್ಟೇ ದೊಡ್ಡ ಅನ್ಯಾಯ. ಪುರಾವೆಯಿಲ್ಲದ ಆ ಆರೋಪವೂ ಒಂದು ಅನಾಮಧೇಯ ಪತ್ರವೇ.

ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ. ಬೆಚ್ಚಿಬೀಳಿಸುವ ಸುದ್ದಿ ಕಂಡಾಗ ಅದನ್ನು ಮೊದಲು ಹೇಳಿದವರು ಯಾರು ಎಂದು ಹುಡುಕಿ. ಒಂದು ಪತ್ರಿಕೆ ಇನ್ನೊಂದನ್ನು, ಅದು ಮತ್ತೊಂದನ್ನು ತೋರಿಸುತ್ತಾ ಹೋಗಿ ಕೊನೆಗೆ ಹೆಸರಿಲ್ಲದ ‘ತಜ್ಞ’ರೊಬ್ಬರ ಬಳಿ ದಾರಿ ನಿಂತರೆ, ನೀವೂ ಅಲ್ಲೇ ನಿಲ್ಲಿಸಿ, ಮುಂದಿನವರಿಗೆ ದಾಟಿಸಬೇಡಿ.