ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೀತಿ ನಿರೂಪಣೆ

ಏಷ್ಯಾ ಅಭಿವೃದ್ಧಿ ಬ್ಯಾಂಕು (ಎಡಿಬಿ) ಯಾವ ಕಾರ್ಯಗಳಿಗೆ ಮತ್ತು ಯಾವ ಷರತ್ತುಗಳ ಮೇಲೆ ನೆರವು ನೀಡಬೇಕೆಂಬುದನ್ನು ಅದರ ನಿರ್ದೇಶಕ ಮಂಡಳಿಯು ನೀತಿಗಳ ಮೂಲಕ ನಿರ್ಧರಿಸುತ್ತದೆ. ಅಣೆಕಟ್ಟು, ಹೆದ್ದಾರಿ, ಒಳಚರಂಡಿ ಮೊದಲಾದ ಯೋಜನೆಗಳಿಗಾಗಿ ಭೂಮಿ ಅಥವಾ ಜೀವನೋಪಾಯವನ್ನು ಕಳೆದುಕೊಳ್ಳುವವರಿಗೆ ದೊರೆಯಬೇಕಾದ ಪರಿಹಾರ ಮತ್ತು ರಕ್ಷಣೆಗಳೂ ಈ ನೀತಿಗಳಲ್ಲಿಯೇ ಅಡಕವಾಗಿರುತ್ತವೆ. ಆದ್ದರಿಂದ ಮಂಡಳಿಯ ನಿರ್ಣಯಗಳು ಸಾಲ ಪಡೆಯುವ ಸರ್ಕಾರಗಳಿಗೆ ಮಾತ್ರವಲ್ಲದೆ ಯೋಜನಾ ಪ್ರದೇಶದ ನಿವಾಸಿಗಳಿಗೂ ನೇರವಾಗಿ ಸಂಬಂಧಿಸಿವೆ.

ಹಿನ್ನೆಲೆ

ಬ್ಯಾಂಕು 1966ರಲ್ಲಿ 31 ಸದಸ್ಯರೊಂದಿಗೆ ಸ್ಥಾಪನೆಯಾಯಿತು. ಇದರ ಪ್ರಧಾನ ಕಚೇರಿ ಫಿಲಿಪೀನ್ಸ್‌ನ ಮನಿಲಾ ಮಹಾನಗರ ಪ್ರದೇಶದಲ್ಲಿದೆ. ಇಂದು ಸದಸ್ಯರ ಸಂಖ್ಯೆ 69. ಇವರಲ್ಲಿ 50 ಸದಸ್ಯರು ಏಷ್ಯಾ ಮತ್ತು ಪೆಸಿಫಿಕ್ ಪ್ರದೇಶಕ್ಕೆ ಸೇರಿದವರು. ಉಳಿದವರು ಅಮೆರಿಕ, ಕೆನಡಾ ಹಾಗೂ ಯೂರೋಪಿನ ದೇಶಗಳಂತಹ ಪ್ರದೇಶದ ಹೊರಗಿನವರು. ಭಾರತವು ಸ್ಥಾಪಕ ಸದಸ್ಯ ರಾಷ್ಟ್ರವಾಗಿದ್ದರೂ ಬ್ಯಾಂಕಿನಿಂದ ಸಾಲ ಪಡೆಯಲು ಆರಂಭಿಸಿದ್ದು 1986ರಲ್ಲಿ.

ಆಡಳಿತ ವ್ಯವಸ್ಥೆ

ಬ್ಯಾಂಕಿನ ಪರಮಾಧಿಕಾರವು ಗವರ್ನರುಗಳ ಮಂಡಳಿಯಲ್ಲಿದೆ. ಪ್ರತಿಯೊಂದು ಸದಸ್ಯ ದೇಶವೂ ಒಬ್ಬ ಗವರ್ನರನ್ನು ನೇಮಿಸುತ್ತದೆ. ಭಾರತದ ಪರವಾಗಿ ಕೇಂದ್ರ ಹಣಕಾಸು ಸಚಿವರು ಈ ಸ್ಥಾನದಲ್ಲಿರುತ್ತಾರೆ. ಹೊಸ ಸದಸ್ಯರ ಸೇರ್ಪಡೆ, ಬಂಡವಾಳದ ಹೆಚ್ಚಳ, ಸ್ಥಾಪನಾ ಒಪ್ಪಂದದ ತಿದ್ದುಪಡಿ ಹಾಗೂ ಅಧ್ಯಕ್ಷರ ಆಯ್ಕೆ ಇವು ಗವರ್ನರುಗಳ ಮಂಡಳಿಯೇ ಉಳಿಸಿಕೊಂಡಿರುವ ಅಧಿಕಾರಗಳು. ಈ ಮಂಡಳಿಯು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಸೇರುವುದರಿಂದ, ದೈನಂದಿನ ನಿರ್ದೇಶನವನ್ನೂ ನೀತಿಗಳ ಅಂಗೀಕಾರವನ್ನೂ 12 ಮಂದಿಯ ನಿರ್ದೇಶಕ ಮಂಡಳಿಗೆ ವಹಿಸಲಾಗಿದೆ.

ನಿರ್ದೇಶಕರಲ್ಲಿ 8 ಮಂದಿಯನ್ನು ಪ್ರದೇಶದ ಸದಸ್ಯರೂ 4 ಮಂದಿಯನ್ನು ಹೊರಗಿನ ಸದಸ್ಯರೂ ಚುನಾಯಿಸುತ್ತಾರೆ. ಅವರ ಅವಧಿ ಎರಡು ವರ್ಷ. ಜಪಾನ್, ಚೀನಾ ಮತ್ತು ಅಮೆರಿಕ ತಮ್ಮದೇ ಪ್ರತ್ಯೇಕ ನಿರ್ದೇಶಕರನ್ನು ಹೊಂದಿವೆ. ಉಳಿದ ದೇಶಗಳು ಗುಂಪುಗಳಾಗಿ ಸೇರಿ ಒಬ್ಬೊಬ್ಬರನ್ನು ಆರಿಸುತ್ತವೆ; ಭಾರತವಿರುವ ಗುಂಪಿನಲ್ಲಿ ಬಾಂಗ್ಲಾದೇಶ ಮತ್ತು ಭೂತಾನ್ ಕೂಡ ಇವೆ. ಬ್ಯಾಂಕಿನ ಅಧ್ಯಕ್ಷರೇ ನಿರ್ದೇಶಕ ಮಂಡಳಿಯ ಸಭೆಗಳ ಅಧ್ಯಕ್ಷತೆ ವಹಿಸುತ್ತಾರೆ. ಆದರೆ ಮತಗಳು ಸಮಸಮವಾದಾಗ ನಿರ್ಣಾಯಕ ಮತ ನೀಡುವುದನ್ನು ಬಿಟ್ಟರೆ ಅವರಿಗೆ ಮತದಾನದ ಹಕ್ಕಿಲ್ಲ.

ಮತಬಲ

ಬ್ಯಾಂಕಿನಲ್ಲಿ ಒಂದು ದೇಶಕ್ಕೆ ಒಂದು ಮತವೆಂಬ ಪದ್ಧತಿಯಿಲ್ಲ. ಒಟ್ಟು ಮತಗಳಲ್ಲಿ ಶೇ. 20ರಷ್ಟನ್ನು ಎಲ್ಲ ಸದಸ್ಯರಿಗೂ ಸಮನಾಗಿ ಹಂಚಲಾಗುತ್ತದೆ. ಉಳಿದ ಶೇ. 80ರಷ್ಟು ಮತಗಳು ಷೇರುಗಳ ಪ್ರಮಾಣವನ್ನು ಅನುಸರಿಸುತ್ತವೆ. ಮೂಲ ಮತಗಳ ಸಮಾನ ಹಂಚಿಕೆಯಿಂದಾಗಿ ನೌರು, ತುವಾಲು ಮುಂತಾದ ಪುಟ್ಟ ದ್ವೀಪರಾಷ್ಟ್ರಗಳಿಗೂ ಷೇರಿನ ಪಾಲಿಗಿಂತ ಹೆಚ್ಚಿನ ಮತಬಲ ಲಭಿಸುತ್ತದೆ. ಆದರೂ ಜಪಾನ್ ಮತ್ತು ಅಮೆರಿಕಗಳು ತಲಾ ಸುಮಾರು ಶೇ. 13ರಷ್ಟು ಮತಬಲದಿಂದ ಮುಂಚೂಣಿಯಲ್ಲಿವೆ. ಭಾರತದ ಪಾಲು ಶೇ. 5ಕ್ಕಿಂತ ತುಸು ಹೆಚ್ಚು.

ಯಾವುದೇ ಒಂದು ದೇಶ ಏಕಾಂಗಿಯಾಗಿ ನೀತಿಯೊಂದನ್ನು ಹೇರುವುದಾಗಲಿ ತಡೆಯುವುದಾಗಲಿ ಈ ಮತಬಲದಿಂದ ಸಾಧ್ಯವಿಲ್ಲ. ಆದ್ದರಿಂದ ಭಿನ್ನಾಭಿಪ್ರಾಯಗಳನ್ನು ಕರಡಿನ ಹಂತದಲ್ಲಿಯೇ ಪರಿಹರಿಸಿ, ಸಾಧ್ಯವಾದಷ್ಟೂ ಒಮ್ಮತದಿಂದ ನಿರ್ಣಯಕ್ಕೆ ಬರುವುದು ರೂಢಿ.

ನೀತಿ ರೂಪುಗೊಳ್ಳುವ ಹಂತಗಳು

ಹೊಸ ನೀತಿಯ ಕರಡನ್ನು ನಿರ್ದೇಶಕರು ತಾವೇ ಬರೆಯುವುದಿಲ್ಲ. ಅದನ್ನು ಬ್ಯಾಂಕಿನ ಆಡಳಿತವರ್ಗವು ಸಿದ್ಧಪಡಿಸುತ್ತದೆ. ಹಳೆಯ ನೀತಿಯ ಫಲಾಫಲಗಳನ್ನು ಪರಿಶೀಲಿಸುವ ಹೊಣೆ ಸ್ವತಂತ್ರ ಮೌಲ್ಯಮಾಪನ ವಿಭಾಗದ್ದು. ಈ ವಿಭಾಗವು ಆಡಳಿತವರ್ಗಕ್ಕೆ ಅಧೀನವಾಗಿರದೆ, ನಿರ್ದೇಶಕ ಮಂಡಳಿಯ ಸಮಿತಿಯ ಮೂಲಕ ಮಂಡಳಿಗೇ ವರದಿ ಸಲ್ಲಿಸುತ್ತದೆ. ಪ್ರಮುಖ ನೀತಿಗಳಾದರೆ ಕರಡನ್ನು ಪ್ರಕಟಿಸಿ, ಸರ್ಕಾರಗಳು, ಸ್ವಯಂಸೇವಾ ಸಂಸ್ಥೆಗಳು ಹಾಗೂ ಸಾರ್ವಜನಿಕರ ಅಭಿಪ್ರಾಯಗಳನ್ನು ಸಂಗ್ರಹಿಸಲಾಗುತ್ತದೆ. ಬಳಿಕ ಚರ್ಚೆಗಾಗಿ ಸಿದ್ಧಪಡಿಸಿದ ಕಾರ್ಯಪತ್ರವು ಮಂಡಳಿಯ ಮುಂದೆ ಬರುತ್ತದೆ. ಅಲ್ಲಿ ವ್ಯಕ್ತವಾದ ಅಭಿಪ್ರಾಯಗಳಿಗೆ ಅನುಗುಣವಾಗಿ ತಿದ್ದಿದ ಅಂತಿಮ ಪತ್ರವನ್ನು ಅಂಗೀಕಾರಕ್ಕೆ ಮಂಡಿಸಲಾಗುತ್ತದೆ.

2009ರ ರಕ್ಷಣಾ ನೀತಿಯು ಈ ಕ್ರಮಕ್ಕೆ ಉತ್ತಮ ನಿದರ್ಶನ. ಅದಕ್ಕೆ ಮೊದಲು ಒತ್ತಾಯದ ಪುನರ್ವಸತಿ (1995), ಮೂಲನಿವಾಸಿಗಳು (1998) ಮತ್ತು ಪರಿಸರ (2002) ಕುರಿತಂತೆ ಮೂರು ಬೇರೆ ಬೇರೆ ನೀತಿಗಳಿದ್ದವು. ಇವನ್ನು ಒಂದುಗೂಡಿಸುವ ಮೊದಲ ಕರಡು 2007ರಲ್ಲಿ ಪ್ರಕಟವಾದಾಗ, ಹಿಂದಿನ ರಕ್ಷಣೆಗಳು ಸಡಿಲಗೊಳ್ಳುತ್ತವೆಂದು ಸ್ವಯಂಸೇವಾ ಸಂಸ್ಥೆಗಳು ಆಕ್ಷೇಪಿಸಿದವು. ಪರಿಷ್ಕೃತ ಕರಡು 2008ರಲ್ಲಿ ಹೊರಬಂದಿತು. ನಿರ್ದೇಶಕ ಮಂಡಳಿಯು 2009ರ ಜುಲೈನಲ್ಲಿ ಅಂತಿಮ ರೂಪವನ್ನು ಅಂಗೀಕರಿಸಿತು. 2010ರ ಜನವರಿಯಲ್ಲಿ ಅದು ಜಾರಿಗೆ ಬಂದಿತು. ಇದರ ಸ್ಥಾನದಲ್ಲಿ ಬರುವ, ಹತ್ತು ಮಾನದಂಡಗಳನ್ನೊಳಗೊಂಡ ಪರಿಸರ ಮತ್ತು ಸಾಮಾಜಿಕ ಚೌಕಟ್ಟಿಗೆ ಮಂಡಳಿಯು 2024ರ ನವೆಂಬರಿನಲ್ಲಿ ಒಪ್ಪಿಗೆ ನೀಡಿತು. ಅದು ಜಾರಿಗೆ ಬರುವ ದಿನಾಂಕವನ್ನು 2026ರ ಜನವರಿ 1 ಎಂದು ಗೊತ್ತುಪಡಿಸಲಾಯಿತು.

ಬ್ಯಾಂಕು ಯಾವುದಕ್ಕೆ ಹಣ ನೀಡಬಾರದು ಎಂಬುದೂ ನೀತಿಯ ವಿಷಯವೇ. 2021ರ ಇಂಧನ ನೀತಿಯ ಮೂಲಕ ಹೊಸ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿಗೆ ನೆರವು ನೀಡುವುದನ್ನು ಕೈಬಿಡಲಾಯಿತು.

ಉತ್ತರದಾಯಿತ್ವ

ಅಂಗೀಕೃತ ನೀತಿಯನ್ನು ಬ್ಯಾಂಕೇ ಪಾಲಿಸದಿದ್ದರೆ ಬಾಧಿತರು ದೂರು ನೀಡಲು ಅವಕಾಶವಿದೆ. 1995ರಲ್ಲಿ ಇದಕ್ಕಾಗಿ ತಪಾಸಣಾ ವ್ಯವಸ್ಥೆಯೊಂದು ಏರ್ಪಟ್ಟಿತು. ಥಾಯ್ಲೆಂಡಿನ ಸಮುತ್ ಪ್ರಾಕಾನ್ ತ್ಯಾಜ್ಯನೀರು ಯೋಜನೆಯು ಅದರ ಪೂರ್ಣ ತನಿಖೆಗೆ ಒಳಪಟ್ಟ ಮೊದಲ ಪ್ರಕರಣ. ಸಂಸ್ಕರಣಾ ಘಟಕದ ಸ್ಥಳವನ್ನು ಬದಲಿಸಿ ಕ್ಲೋಂಗ್ ದಾನ್ ಎಂಬ ಕರಾವಳಿ ಊರಿಗೆ ತಂದಾಗ, ಮೀನುಗಾರಿಕೆಯನ್ನು ಅವಲಂಬಿಸಿದ್ದ ಅಲ್ಲಿನ ಜನರು 2001ರಲ್ಲಿ ದೂರಿತ್ತರು. ಬ್ಯಾಂಕು ತನ್ನದೇ ನೀತಿಗಳನ್ನು ಪಾಲಿಸಿಲ್ಲವೆಂದು ತನಿಖಾ ತಂಡವು ಕಂಡುಕೊಂಡಿತು.

ಈ ಅನುಭವದ ನಂತರ ಮಂಡಳಿಯು 2003ರಲ್ಲಿ ಹೊಸ ಉತ್ತರದಾಯಿತ್ವ ವ್ಯವಸ್ಥೆಯನ್ನು ಅಂಗೀಕರಿಸಿ, 2012ರಲ್ಲಿ ಪರಿಷ್ಕರಿಸಿತು. ಇದರಲ್ಲಿ ಎರಡು ಮಾರ್ಗಗಳಿವೆ: ಮಾತುಕತೆಯಿಂದ ಸಮಸ್ಯೆ ಬಗೆಹರಿಸುವುದು ಮತ್ತು ನೀತಿಪಾಲನೆಯ ಪರಿಶೀಲನೆ. ಪರಿಶೀಲನಾ ಸಮಿತಿಯು ನೇರವಾಗಿ ನಿರ್ದೇಶಕ ಮಂಡಳಿಗೆ ವರದಿ ನೀಡುತ್ತದೆ. ಹೀಗೆ ನೀತಿಯನ್ನು ಅಂಗೀಕರಿಸಿದ ಮಂಡಳಿಯೇ ಅದರ ಉಲ್ಲಂಘನೆಯ ವರದಿಯನ್ನೂ ಸ್ವೀಕರಿಸುತ್ತದೆ.

ಕರ್ನಾಟಕದಲ್ಲಿ

1993ರಲ್ಲಿ ಸ್ಥಾಪನೆಯಾದ ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮದ ಮೂಲಕ ರಾಜ್ಯವು ಬ್ಯಾಂಕಿನ ನೆರವು ಪಡೆದಿದೆ. ಮೈಸೂರು, ತುಮಕೂರು ಮೊದಲಾದ ನಗರಗಳಲ್ಲಿಯೂ, ಮಂಗಳೂರು ಸೇರಿದಂತೆ ಕರಾವಳಿಯ ಪಟ್ಟಣಗಳಲ್ಲಿಯೂ ನೀರು ಸರಬರಾಜು ಹಾಗೂ ಒಳಚರಂಡಿ ಕಾಮಗಾರಿಗಳು ಈ ನೆರವಿನಿಂದ ನಡೆದಿವೆ. ಇಂತಹ ಕಾಮಗಾರಿಗಳಿಗೆ ಭೂಸ್ವಾಧೀನ ಅಗತ್ಯವಾದಾಗ ರಾಜ್ಯದಲ್ಲಿ ಜಾರಿಯಲ್ಲಿರುವ ಕಾನೂನಿನ ಜೊತೆಗೆ ಬ್ಯಾಂಕಿನ ಪುನರ್ವಸತಿ ನಿಯಮಗಳೂ ಅನ್ವಯಿಸುತ್ತವೆ.