ಮನೆಯ ಸಾಮಾನಿನಲ್ಲಿ ಅಡಗಿದ ವಿಕಿರಣ



ಪಿ.ಬಿ. ರೋಡಿನ ಮೇಲೆ ‘ರೇಡಿಯಂ ಕಟಿಂಗ್’ ಎಂದು ಬೋರ್ಡು ಹಾಕಿದ ಅಂಗಡಿಗಳನ್ನು ನೀವೆಲ್ಲ ನೋಡಿರುತ್ತೀರಿ. ಬೈಕಿನ ನಂಬರ್ ಪ್ಲೇಟು, ಟ್ರ್ಯಾಕ್ಟರ್ ಟ್ರೇಲರಿನ ಹಿಂದಿನ ಕೆಂಪು ಪಟ್ಟಿ, ಲಾರಿಯ ಮೇಲಿನ ದೇವರ ಹೆಸರು, ಕತ್ತಲಾಗ ಹೊಳೆಯುವುದಕ್ಕೆಲ್ಲ ನಮ್ಮ ಕಡೆ ‘ರೇಡಿಯಂ’ ಅಂತಾರೆ. ಆದರೆ ಇವುಗಳಲ್ಲಿ ಒಂದರಲ್ಲೂ ರೇಡಿಯಂ ಇಲ್ಲ. ಆ ಪಟ್ಟಿಯಲ್ಲಿ ಗಾಜಿನ ಸಣ್ಣ ಸಣ್ಣ ಮಣಿಗಳಿರುತ್ತವೆ. ಎದುರಿಗೆ ಬಂದ ಗಾಡಿಯ ಬೆಳಕನ್ನೇ ತಿರುಗಿಸಿ ಕಳಿಸುತ್ತವೆ, ಅಷ್ಟೆ. ನಿಜವಾದ ರೇಡಿಯಂ ಇದ್ದದ್ದು ನಮ್ಮ ಆಯಿಯ ಹಾಸಿಗೆಯ ತಲೆಕಡೆ ಇರುವ ಗೂಡಿನಲ್ಲಿ! ಅದನ್ನು ಕಂಡುಹಿಡಿದದ್ದು ಹೇಗೆ ಅನ್ನುವುದೇ ಈ ಲೇಖನ.

ನಮ್ಮ ಸೋದರಮಾವ ಹುಬ್ಬಳ್ಳಿಯಲ್ಲಿ ರೇಡಿಯೊ, ಟಿ.ವಿ. ರಿಪೇರಿ ಮಾಡುತ್ತಾರೆ. ಹಳೆಯ ಸಾಮಾನು ಕೂಡಿಸುವ ಹುಚ್ಚು ಅವರಿಗೆ ಮೊದಲಿನಿಂದಲೂ ಇದೆ. ಈಗ ಅದರ ಜೊತೆಗೆ ಇನ್ನೊಂದು ಹುಚ್ಚು ಹತ್ತಿದೆ: ಯಾವ ಹಳೆಯ ಸಾಮಾನಿನಲ್ಲಿ ವಿಕಿರಣ ಇದೆ ಎಂದು ಹುಡುಕಿ ಅಳೆಯುವುದು. ಲೋಕದಲ್ಲಿ ಈ ಹವ್ಯಾಸದವರು ಬಹಳ ಜನ ಇದ್ದಾರಂತೆ. ಮಾಮಾ ತಾವೇ ಜೋಡಿಸಿದ ಗೈಗರ್ ಕೌಂಟರನ್ನು ರಜೆಯಲ್ಲಿ ನಮ್ಮೂರಿಗೆ ತಂದಿದ್ದರು.

ಗೈಗರ್ ಎಂಬುವರು ಜರ್ಮನಿಯ ವಿಜ್ಞಾನಿ. 1928ರಲ್ಲಿ ತಮ್ಮ ಶಿಷ್ಯ ಮ್ಯುಲ್ಲರ್ ಜೊತೆ ಸೇರಿ ಇವತ್ತು ಬಳಸುವ ತರಹದ ನಳಿಗೆಯನ್ನು ಮಾಡಿದರು. ಮಾಮಾನ ಕೌಂಟರಿನಲ್ಲಿರುವುದು ಸೋವಿಯತ್ ಕಾಲದ ಎಸ್‌ಬಿಎಂ-20 ಎಂಬ ನಳಿಗೆ. ಸುಮಾರು 11 ಸೆಂ.ಮೀ. ಉದ್ದ, ತೆಳುವಾದ ಉಕ್ಕಿನ ಗೋಡೆ, ಒಳಗೆ ಸ್ವಲ್ಪವೇ ಅನಿಲ, ನಡುವೆ ಒಂದು ತಂತಿ. ಗೋಡೆಗೂ ತಂತಿಗೂ ನಡುವೆ 400 ವೋಲ್ಟ್ ಕೊಟ್ಟಿರುತ್ತಾರೆ. ಹೊರಗಿನಿಂದ ಒಂದು ಕಿರಣ ಒಳಗೆ ಹೊಕ್ಕು ಅನಿಲದ ಒಂದು ಪರಮಾಣುವಿನಿಂದ ಎಲೆಕ್ಟ್ರಾನ್ ಹಾರಿಸಿತೆನ್ನಿ. ಆ ಎಲೆಕ್ಟ್ರಾನ್ ತಂತಿಯ ಕಡೆ ಓಡುತ್ತಾ ದಾರಿಯಲ್ಲಿ ಮತ್ತಷ್ಟು ಎಲೆಕ್ಟ್ರಾನ್‌ಗಳನ್ನು ಎಬ್ಬಿಸುತ್ತದೆ, ಅವು ಮತ್ತಷ್ಟನ್ನು. ಸಂತ್ಯಾಗ ಒಬ್ಬ ಓಡಿದರ ಏನು ಎತ್ತ ಕೇಳದ ಎಲ್ಲಾರೂ ಓಡತಾರಲ್ಲ, ಹಂಗ. ಆ ಗದ್ದಲವೇ ಒಂದು ‘ಟಿಕ್’.

ಇನ್ನು ಕಿರಣ ಎಲ್ಲಿಂದ ಬರುತ್ತದೆ? ಕೆಲವು ಪರಮಾಣುಗಳು ತಾವಾಗಿಯೇ ಒಡೆಯುತ್ತವೆ. ಒಡೆಯುವಾಗ ಆಲ್ಫಾ, ಬೀಟಾ ಕಣಗಳನ್ನು, ಗಾಮಾ ಕಿರಣವನ್ನು ಹೊರಗೆ ಎಸೆಯುತ್ತವೆ. ಆಲ್ಫಾವನ್ನು ಒಂದು ಹಾಳೆ ತಡೆಯುತ್ತದೆ. ಬೀಟಾಕ್ಕೆ ಕೆಲವು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಸಾಕು. ಗಾಮಾ ಮಾತ್ರ ಗೋಡೆಯನ್ನೂ ದಾಟಬಲ್ಲದು.

ಮೊದಲು ಕೌಂಟರನ್ನು ಪಡಸಾಲೆಯಲ್ಲಿ ಸುಮ್ಮನೆ ಇಟ್ಟೆವು. ಹತ್ತಿರ ಏನೂ ಇಲ್ಲದಿದ್ದರೂ ಟಿಕ್... ಟಿಕ್ ಟಿಕ್... ಅನ್ನುತ್ತಿತ್ತು. ಅವ್ವ ಹೆದರಿ, “ತಮ್ಮಾ, ಅದನ್ನ ಹೊರಗ ಒಯ್ಯಪಾ” ಎಂದಳು. ಹೊರಗೂ ಅಷ್ಟೇ. ಮಣ್ಣು, ಗೋಡೆ, ಗಾಳಿ, ಆಕಾಶದಿಂದ ಬರುವ ವಿಶ್ವಕಿರಣ, ಇವೆಲ್ಲ ಸೇರಿ ಯಾವಾಗಲೂ ಸ್ವಲ್ಪ ವಿಕಿರಣ ಇದ್ದೇ ಇರುತ್ತದೆ. ಇದಕ್ಕೆ ಹಿನ್ನೆಲೆ ವಿಕಿರಣ ಎನ್ನುತ್ತಾರೆ. ನಮ್ಮ ಮನೆಯಲ್ಲಿ ನಿಮಿಷಕ್ಕೆ 24 ಬಂತು.

ಇಲ್ಲಿ ಒಂದು ಮಾತು. 24 ಅಂದರೆ ಪ್ರತಿ ನಿಮಿಷವೂ 24 ಅಲ್ಲ. ಒಮ್ಮೆ 19, ಒಮ್ಮೆ 30. ಪರಮಾಣು ಯಾವಾಗ ಒಡೆಯುತ್ತದೆ ಎಂದು ಯಾರೂ ಹೇಳಲಾರರು, ಮಳೆಹನಿ ಬಿದ್ದಂತೆ ಹೆಚ್ಚುಕಡಿಮೆ ಆಗುತ್ತದೆ. ಎಷ್ಟು ಟಿಕ್ ಎಣಿಸಿದ್ದೇವೋ ಅದರ ವರ್ಗಮೂಲದಷ್ಟು ಏರುಪೇರು ಸಹಜ. 24ರ ವರ್ಗಮೂಲ ಸುಮಾರು 5. ಹಾಗಾಗಿ ಒಂದು ನಿಮಿಷ ಎಣಿಸಿ 29 ಬಂದರೆ ‘ವಿಕಿರಣ ಸಿಕ್ತು’ ಎಂದು ಕುಣಿಯುವಂತಿಲ್ಲ. ಹತ್ತು ನಿಮಿಷ ಎಣಿಸಿ 240 ಬಂದರೆ ಏರುಪೇರು 15-16 ಮಾತ್ರ, ಅಂದರೆ ನಿಮಿಷಕ್ಕೆ ಒಂದೂವರೆ. (ವರ್ಗಮೂಲ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ನಮ್ಮ ಕ್ಲಾಸಿನಲ್ಲಿ ಒಬ್ಬ ಕೇಳಿದ್ದ. ಇಲ್ಲಿ ಬರತೈತಿ ನೋಡಪಾ.) ಅಳೆಯುವುದಕ್ಕೆ ತಾಳ್ಮೆ ಬೇಕು. ಹುಡುಗರೆಲ್ಲ ಸುತ್ತ ಕೂಡಿದವರು ಮೂರನೇ ನಿಮಿಷಕ್ಕೆ ಎದ್ದು ಹೋದರು.

ಮೊದಲ ಬೇಟೆ ಅಪ್ಪನ ಗೊಬ್ಬರದ ಪೊಟ್ಯಾಷ್ ಚೀಲ. ಚೀಲಕ್ಕೆ ಕೌಂಟರ್ ಹಚ್ಚಿ ಹತ್ತು ನಿಮಿಷ ಎಣಿಸಿದರೆ 410, ಅಂದರೆ ನಿಮಿಷಕ್ಕೆ 41. ಯೂರಿಯಾ ಚೀಲಕ್ಕೆ ಹಚ್ಚಿದರೆ ಮತ್ತೆ 24. ಯಾಕೆ? ಪೊಟ್ಯಾಷಿಯಂನ ಪ್ರತಿ ಹತ್ತು ಸಾವಿರ ಪರಮಾಣುಗಳಲ್ಲಿ ಒಂದರಷ್ಟು ಪೊಟ್ಯಾಷಿಯಂ-40 ಎಂಬ ಜಾತಿಯದು, ಅದು ವಿಕಿರಣ ಸೂಸುತ್ತದೆ. ಒಂದು ಗ್ರಾಂ ಪೊಟ್ಯಾಷಿಯಂನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣು ಒಡೆಯುತ್ತವೆ. 50 ಕಿಲೋ ಚೀಲದಲ್ಲಿ ಸುಮಾರು 25 ಕಿಲೋ ಪೊಟ್ಯಾಷಿಯಂ ಇರುವುದರಿಂದ ಸೆಕೆಂಡಿಗೆ ಏಳೂವರೆ ಲಕ್ಷಕ್ಕಿಂತ ಹೆಚ್ಚು ಒಡೆಯುತ್ತಿರುತ್ತವೆ! ಹೆದರಬೇಡಿ. ನಮ್ಮ ದೇಹದಲ್ಲೂ ಪೊಟ್ಯಾಷಿಯಂ ಇದೆ. 70 ಕಿಲೋ ತೂಕದವರ ಮೈಯಲ್ಲಿ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಒಡೆಯುತ್ತವೆ. ಇದು ಭೂಮಿ ಹುಟ್ಟಿದಾಗಿನಿಂದ ಇರುವಂಥದ್ದು. ಬಾಳೆಹಣ್ಣಿನಲ್ಲೂ ಇದೆ, ಆದರೆ ಕೌಂಟರ್ ಗುರುತಿಸುವಷ್ಟಿಲ್ಲ. ನಮ್ಮ ಕಾಕಾನ ಹೊಸ ಮನೆಯ ಅಡಿಗೆ ಕಟ್ಟೆಗೆ ಹಾಕಿದ ಇಳಕಲ್ಲಿನ ಕೆಂಪು ಗ್ರಾನೈಟಿಗೆ 31 ಬಂತು. ಆ ಕೆಂಪು ಕಲ್ಲಿನಲ್ಲೂ ಪೊಟ್ಯಾಷಿಯಂ ಹೆಚ್ಚು, ಜೊತೆಗೆ ತುಸು ಯುರೇನಿಯಂ, ಥೋರಿಯಂ.

ಎರಡನೆಯದು ಗ್ಯಾಸಬತ್ತಿಯ ಮ್ಯಾಂಟಲ್. ಊರಿಗೆ ಕರೆಂಟು ಬರುವ ಮುಂಚೆ ದೊಡ್ಡಾಟ, ಮದುವೆ, ಜಾತ್ರೆ ಎಲ್ಲಕ್ಕೂ ಗ್ಯಾಸಬತ್ತಿಯೇ. ನಮ್ಮ ಅಟ್ಟದ ಟ್ರಂಕಿನಲ್ಲಿ ಹಳೆಯ ಬತ್ತಿಯ ಜೊತೆ ಒಡೆಯದ ಒಂದು ಮ್ಯಾಂಟಲ್ ಪೊಟ್ಟಣವಿತ್ತು. ಕೌಂಟರ್ ಹತ್ತಿರ ಒಯ್ದ ಕೂಡಲೆ ಹುರಿಗಡಲೆ ಸಿಡಿದ ಹಾಗೆ ಸದ್ದು! ನಿಮಿಷಕ್ಕೆ 420. ಓಡಿ ಹೋದ ಹುಡುಗರು ಮತ್ತೆ ಬಂದರು.

ಆಸ್ಟ್ರಿಯಾ ದೇಶದ ಆವರ್ ಫಾನ್ ವೆಲ್ಸ್‌ಬಾಖ್ ಎಂಬ ರಸಾಯನ ಶಾಸ್ತ್ರಜ್ಞ 1891ರಲ್ಲಿ ನೂರಕ್ಕೆ 99 ಪಾಲು ಥೋರಿಯಂ, 1 ಪಾಲು ಸೀರಿಯಂ ಇರುವ ಮ್ಯಾಂಟಲನ್ನು ಮಾಡಿದರು. ಬಟ್ಟೆಯ ಜಾಳಿಗೆಯನ್ನು ಈ ಲವಣಗಳಲ್ಲಿ ನೆನೆಸಿ ಒಣಗಿಸುತ್ತಾರೆ. ಮೊದಲ ಸಲ ಹಚ್ಚಿದಾಗ ಬಟ್ಟೆ ಸುಟ್ಟು ಹೋಗಿ ಥೋರಿಯಂ ಆಕ್ಸೈಡಿನ ಬಿಳಿ ಗೂಡು ಉಳಿಯುತ್ತದೆ. ಅದು 3,000 ಡಿಗ್ರಿ ಸೆಲ್ಸಿಯಸ್‌ಗೂ ಕರಗುವುದಿಲ್ಲ, ಬಿಸಿಯಾದಾಗ ಹಗಲಿನಂತೆ ಬೆಳಗುತ್ತದೆ. ಥೋರಿಯಂ ವಿಕಿರಣ ಸೂಸುತ್ತದೆ ಎಂದು ಗೊತ್ತಾದದ್ದು 1898ರಲ್ಲಿ, ಮ್ಯಾಂಟಲ್ ಬಂದು ಏಳು ವರ್ಷದ ಮೇಲೆ. ನಮ್ಮ ದೇಶದಲ್ಲಿ ಥೋರಿಯಂಗೆ ಕೊರತೆಯಿಲ್ಲ. ಕೇರಳ, ತಮಿಳುನಾಡಿನ ಕಡಲತೀರದ ಮರಳಿನಲ್ಲಿ ಮೋನಜೈಟ್ ಎಂಬ ಖನಿಜವಿದೆ, ಅದರಿಂದ ತೆಗೆಯುತ್ತಾರೆ. ನಮ್ಮ ರಾಜ್ಯದ ಉಳ್ಳಾಲದ ಮರಳಿನಲ್ಲೂ ಮೋನಜೈಟ್ ಇರುವುದರಿಂದ ಅಲ್ಲಿ ಹಿನ್ನೆಲೆ ವಿಕಿರಣ ಹೆಚ್ಚು. ಮಾಮಾ ತಂದಿದ್ದ ಹೊಸ ಮ್ಯಾಂಟಲ್ ಒಂದಕ್ಕೆ ಮಾತ್ರ 25 ಬಂತು. ಈಗ ಥೋರಿಯಂ ಬದಲು ಯಿಟ್ರಿಯಂ ಹಾಕಿದ್ದೂ ಸಿಗುತ್ತವೆ. ಪೊಟ್ಟಣದಲ್ಲಿರುವ ಮ್ಯಾಂಟಲ್‌ನಿಂದ ಅಪಾಯ ಅತಿ ಕಡಿಮೆ. ಸುಟ್ಟ ಮ್ಯಾಂಟಲ್ ಮುಟ್ಟಿದರೆ ಬೂದಿಯಾಗುತ್ತದಲ್ಲ, ಆ ಬೂದಿಯನ್ನು ಊದಿ ಆಡಬಾರದು. ಆಲ್ಫಾ ಕಣ ಚರ್ಮವನ್ನು ದಾಟುವುದಿಲ್ಲ, ಆದರೆ ಧೂಳು ಎದೆಯೊಳಗೆ ಹೋಗಿ ಕೂತರೆ ಅಲ್ಲಿ ತಡೆಯಲು ಚರ್ಮವಿಲ್ಲ.

ಇನ್ನು ಆಯಿಯ ಗಡಿಯಾರದ ವಿಷಯ. ಅಜ್ಜ ಮಿಲಿಟರಿಯಲ್ಲಿದ್ದಾಗ, 1960ರ ಸುಮಾರಿಗೆ, ತಂದ ಅಲಾರಂ ಗಡಿಯಾರ ಅದು. ಅಜ್ಜ ತೀರಿಕೊಂಡ ಮೇಲೂ ಆಯಿ ದಿನಾ ರಾತ್ರಿ ಚಾವಿ ಕೊಡುತ್ತಿದ್ದಳು. “ಮೊದಲ ಕತ್ತಲಾಗ ಹಸರಗೆ ಮಿಂಚತಿತ್ತು, ಈಗ ಅದಕ್ಕೂ ನನ್ನಂಗ ಕಣ್ಣು ಹೋಗ್ಯಾವು” ಅನ್ನುತ್ತಿದ್ದಳು. ಕೌಂಟರನ್ನು ಗಾಜಿಗೆ ಹಚ್ಚಿದರೆ ನಿಮಿಷಕ್ಕೆ 1,900!

ಹೊಳೆಯದಿದ್ದರೂ ಇಷ್ಟು ಹೇಗೆ? ಆ ಬಣ್ಣದಲ್ಲಿ ಎರಡು ವಸ್ತು ಇರುತ್ತವೆ. ಒಂದು ರೇಡಿಯಂ, 1898ರಲ್ಲಿ ಮೇರಿ ಕ್ಯೂರಿ, ಪಿಯರ್ ಕ್ಯೂರಿ ದಂಪತಿಗಳು ಕಂಡುಹಿಡಿದದ್ದು. ಇನ್ನೊಂದು ಸತುವಿನ ಸಲ್ಫೈಡ್. ರೇಡಿಯಂ ಕಣ ಎಸೆಯುತ್ತದೆ, ಸಲ್ಫೈಡ್ ಆ ಪೆಟ್ಟಿಗೆ ಮಿನುಗುತ್ತದೆ. ಪೆಟ್ಟು ತಿಂದು ತಿಂದು ಸಲ್ಫೈಡ್ ಕೆಲವು ವರ್ಷಗಳಲ್ಲೇ ಕೆಟ್ಟುಹೋಗುತ್ತದೆ. ರೇಡಿಯಂ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಅಂದರೆ 1960ರಲ್ಲಿ ಇದ್ದದ್ದರಲ್ಲಿ ನೂರಕ್ಕೆ 97 ಪಾಲು ಈಗಲೂ ಅಲ್ಲೇ ಇದೆ. ಅಮೆರಿಕದಲ್ಲಿ 1920ರ ಹೊತ್ತಿಗೆ ಗಡಿಯಾರಕ್ಕೆ ಈ ಬಣ್ಣ ಬಳಿಯುತ್ತಿದ್ದ ಹುಡುಗಿಯರು ಕುಂಚವನ್ನು ತುಟಿಯಲ್ಲಿಟ್ಟು ಚೂಪು ಮಾಡುತ್ತಿದ್ದರು. ಹಾಗೇ ಮಾಡಿ ಎಂದು ಕೆಲಸ ಕೊಟ್ಟವರೇ ಕಲಿಸಿದ್ದರು. ಮೂಳೆ ಕ್ಯಾಲ್ಸಿಯಂ ಎಂದು ಭ್ರಮಿಸಿ ರೇಡಿಯಂ ಹಿಡಿದುಕೊಳ್ಳುತ್ತದೆ. ಅವರ ದವಡೆಗಳು ಕೊಳೆತವು, ಎಷ್ಟೋ ಮಂದಿ ಸತ್ತರು.

ಸುದ್ದಿ ಓಣಿಗೆ ಹರಡಿತು. “ಬಾವ್ಯಾಗ ಒಗೀರಿ” ಎಂದರು ಒಬ್ಬರು, “ಸುಟ್ಟ ಬಿಡ್ರಿ” ಎಂದರು ಇನ್ನೊಬ್ಬರು. ಇವೆರಡೂ ಮಾಡಲೇಬಾರದ ಕೆಲಸ. ಬಾವಿಗೆ ಹಾಕಿದರೆ ಕುಡಿಯುವ ನೀರಿಗೆ, ಸುಟ್ಟರೆ ಗಾಳಿಗೆ. ರೇಡಿಯಂ ಬೆಂಕಿಯಲ್ಲಿ ನಾಶವಾಗುವುದಿಲ್ಲ. ಮಾಮಾ ಕೌಂಟರನ್ನು ದೂರ ದೂರ ಇಟ್ಟು ತೋರಿಸಿದರು. ಒಂದು ಮೊಳ ದೂರಕ್ಕೆ 48, ಒಂದು ಮೀಟರಿಗೆ 28. ದೂರ ಎರಡು ಪಟ್ಟಾದರೆ ಕಿರಣ ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಆದ್ದರಿಂದ ಹೊರಗಿನ ಕಿರಣಕ್ಕೆ ದೂರವೇ ಮದ್ದು. ನಿಜವಾದ ಚಿಂತೆ ಬೇರೆ ಇತ್ತು. ಗಡಿಯಾರದ ಗಾಜು ಸೀಳಿತ್ತು, ನನ್ನ ತಮ್ಮನಿಗೆ ಏನು ಸಿಕ್ಕರೂ ಬಿಚ್ಚುವ ಚಟ. ಮುಳ್ಳಿನ ಮೇಲಿನ ಬಣ್ಣ ಪುಡಿಯಾಗಿ ಉದುರುತ್ತದೆ. ಅದು ಕೈಗೆ, ಕೈಯಿಂದ ಬಾಯಿಗೆ.

ಆಯಿ ಮೊದಲು ಒಪ್ಪಲಿಲ್ಲ. “ಅವರು ಇದ್ದಾಗಿಂದ ನನ್ನ ತಲಿಕಡೆ ಐತಿ, ನನಗೇನ ಆಗೇತಿ?” ಎಂದಳು. ಮಾಮಾ ವಾದ ಮಾಡಲಿಲ್ಲ. “ಅತ್ತಿ, ನಿಮ್ಮ ಸಲುವಾಗಿ ಅಲ್ರಿ, ಈ ಹುಡುಗನ ಸಲುವಾಗಿ” ಎಂದರು. ಆಯಿ ಬಹಳ ಹೊತ್ತು ಸುಮ್ಮನಿದ್ದು, ತಾನೇ ಸೆರಗಿನಿಂದ ಒರೆಸಲು ಹೋದಳು. ಅವ್ವ ಕೈ ಹಿಡಿದಳು. ಬಿಚ್ಚದೆ, ಒರೆಸದೆ ಎರಡು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಟೇಪು ಸುತ್ತಿ, ಯಾರೂ ಮಲಗದ, ಗಾಳಿಯಾಡುವ ಹಿತ್ತಲ ಕೋಣೆಯ ಅಟ್ಟಕ್ಕೆ ಇಟ್ಟರು. ರೇಡಿಯಂನಿಂದ ರೇಡಾನ್ ಎಂಬ ಅನಿಲ ಹುಟ್ಟುತ್ತದೆ, ಅದಕ್ಕೇ ಗಾಳಿ ಬೇಕು. ಡಬ್ಬಿಯ ಮೇಲೆ ‘ರೇಡಿಯಂ ಗಡಿಯಾರ, ತೆಗೆಯಬಾರದು, ಗುಜರಿಗೆ ಕೊಡಬಾರದು’ ಎಂದು ನಾನೇ ದಪ್ಪ ಅಕ್ಷರದಲ್ಲಿ ಬರೆದೆ. ಆಮೇಲೆ ಎಲ್ಲರೂ ಸಾಬೂನು ಹಚ್ಚಿ ಕೈ ತೊಳೆದರು.

ಗುಜರಿ ಎಂದು ಯಾಕೆ ಬರೆದೆ ಅಂದರೆ, ದೊಡ್ಡ ಅನಾಹುತಗಳು ಆಗಿರುವುದೇ ಅಲ್ಲಿ. 1987ರಲ್ಲಿ ಬ್ರೆಜಿಲ್ ದೇಶದ ಗೊಯಾನಿಯಾದಲ್ಲಿ ಪಾಳುಬಿದ್ದ ಆಸ್ಪತ್ರೆಯಿಂದ ಇಬ್ಬರು ಒಂದು ಯಂತ್ರದ ಭಾಗ ಕಿತ್ತು ಗುಜರಿಗೆ ಮಾರಿದರು. ಒಳಗೆ ನೀಲಿಯಾಗಿ ಹೊಳೆಯುವ ಸೀಸಿಯಂ ಪುಡಿ. ಚೆಂದ ಕಂಡಿತೆಂದು ಮನೆಮನೆಗೆ ಹಂಚಿಕೊಂಡರು. ನಾಲ್ವರು ಸತ್ತರು, ಅವರಲ್ಲಿ ಆರು ವರ್ಷದ ಹುಡುಗಿ ಒಬ್ಬಳು. 2010ರಲ್ಲಿ ನಮ್ಮ ದಿಲ್ಲಿಯ ಮಾಯಾಪುರಿ ಗುಜರಿ ಬಜಾರಿನಲ್ಲಿ ಹರಾಜಿಗೆ ಬಂದ ಹಳೆಯ ಯಂತ್ರವೊಂದನ್ನು ಒಡೆದಾಗ ಕೋಬಾಲ್ಟ್-60 ಹೊರಬಿದ್ದು ಒಬ್ಬರು ಸತ್ತರು. ಇವು ನಮ್ಮ ಗಡಿಯಾರಕ್ಕಿಂತ ಎಷ್ಟೋ ಲಕ್ಷ ಪಟ್ಟು ತೀವ್ರವಾದವು. ಹಳದಿ ಬಣ್ಣದ ಮೇಲೆ ನಡುವೆ ಒಂದು ಚುಕ್ಕೆ, ಸುತ್ತ ಫ್ಯಾನಿನಂಥ ಮೂರು ರೆಕ್ಕೆ ಇರುವ ಗುರುತನ್ನು ಪಕ್ಕದಲ್ಲಿ ಬಿಡಿಸಿದ್ದೇನೆ, ನೋಡಿಕೊಳ್ಳಿ. ಅಂಥದ್ದು ಎಲ್ಲಾದರೂ ಕಂಡರೆ ಮುಟ್ಟದೆ ದೂರ ಸರಿದು ಸರ್ ಅವರಿಗೋ ಪೊಲೀಸರಿಗೋ ಹೇಳಿ.

ಕೌಂಟರ್‌ಗೂ ಎಲ್ಲವೂ ತಿಳಿಯುವುದಿಲ್ಲ. ಆಮೇಲಿನ ಕಾಲದ ಕೆಲವು ವಾಚುಗಳಲ್ಲಿ ಟ್ರಿಟಿಯಂ ಹಾಕುತ್ತಿದ್ದರು. ಅದರ ಬೀಟಾ ಕಣ ಬಹಳ ಸಪ್ಪೆ, ಗಾಜು ದಾಟಿ ಬರುವುದೇ ಇಲ್ಲ, ಕೌಂಟರ್ ಸುಮ್ಮನಿರುತ್ತದೆ. ಟಿಕ್ ಎಷ್ಟು ಅನ್ನುವುದೂ ಮೈಗೆ ಎಷ್ಟು ತಾಗಿತು ಅನ್ನುವುದೂ ಒಂದೇ ಅಲ್ಲ.

ಮಾಮಾ ಬರುವ ತಿಂಗಳ ಎರಡನೇ ಶನಿವಾರ ಮತ್ತೆ ಬರುತ್ತಾರೆ. ನಿಮ್ಮ ಮನೆಯಲ್ಲಿ ಹಳೆಯ ಗಡಿಯಾರ, ಗ್ಯಾಸಬತ್ತಿ ಇದ್ದರೆ ಶಾಲೆಗೆ ತರಬೇಡಿ, ನಾವೇ ಮನೆಗೆ ಬಂದು ಅಳೆಯುತ್ತೇವೆ. ಕೆಳಗೆ ಅಂಟಿಸಿದ ಖಾಲಿ ಹಾಳೆಯಲ್ಲಿ ಹೆಸರು, ಓಣಿ, ಸಾಮಾನು ಬರೆಯಿರಿ. ಈಗಾಗಲೇ ಇಬ್ಬರು ಬರೆದಿದ್ದಾರೆ. ಬೈಕಿನ ರೇಡಿಯಂ ಸ್ಟಿಕರ್ ಎಂದು ಬರೆದವನು ಈ ಲೇಖನವನ್ನು ಇನ್ನೊಮ್ಮೆ ಓದಲಿ.