ದಡದಲ್ಲೇ ನಿರ್ಧಾರವಾಗುವ ಯಾನ

ಸಮುದ್ರಯಾನವೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಗಾಳಿ ತುಂಬಿದ ಹಾಯಿ, ಉಕ್ಕೇರುವ ಅಲೆ ಹಾಗೂ ಎದೆಗುಂದದ ನಾವಿಕ. ಆದರೆ ಯಾನದ ಸೋಲು ಗೆಲುವುಗಳು ಬಹುಮಟ್ಟಿಗೆ ದೋಣಿ ಇನ್ನೂ ದಡದಲ್ಲಿರುವಾಗಲೇ ನಿರ್ಧಾರವಾಗಿರುತ್ತವೆ. 1968ರಲ್ಲಿ ಒಂದೇ ಸ್ಪರ್ಧೆಗಾಗಿ ಇಂಗ್ಲೆಂಡಿನಿಂದ ಹೊರಟ ಎರಡು ಸಣ್ಣ ಹಾಯಿದೋಣಿಗಳ ಕಥೆ ಇದಕ್ಕೆ ಸಾಕ್ಷಿ. ಅವುಗಳಲ್ಲೊಂದು ನಮ್ಮ ಮುಂಬಯಿಯಲ್ಲಿ ಹುಟ್ಟಿದುದೆಂಬುದು ವಿಶೇಷ.

ಎಲ್ಲಿಯೂ ತಂಗದೆ, ಯಾರ ನೆರವನ್ನೂ ಪಡೆಯದೆ, ಏಕಾಂಗಿಯಾಗಿ ಭೂಮಂಡಲವನ್ನು ಸುತ್ತಿ ಬರಬೇಕೆಂಬುದು ಲಂಡನ್ನಿನ ‘ಸಂಡೇ ಟೈಮ್ಸ್’ ಪತ್ರಿಕೆ ಏರ್ಪಡಿಸಿದ್ದ ಆ ಸ್ಪರ್ಧೆಯ ನಿಯಮ. ಹೊರಡಲು ಅಕ್ಟೋಬರ್ 31 ಕಡೆಯ ದಿನ. ಹೊರಟವರು 9 ಮಂದಿ, ಪೂರ್ಣಗೊಳಿಸಿದವರು ಒಬ್ಬರೇ.

ಮುಂಬಯಿಯ ತೇಗದ ದೋಣಿ

ಆ ಒಬ್ಬರೇ ರಾಬಿನ್ ನಾಕ್ಸ್-ಜಾನ್‌ಸ್ಟನ್. ವಾಣಿಜ್ಯ ನೌಕೆಗಳಲ್ಲಿ ಅಧಿಕಾರಿಯಾಗಿದ್ದ ಅವರು 1963ರಲ್ಲಿ ಮುಂಬಯಿಯ ಬಡಗಿಗಳಿಂದ ಸುಮಾರು 32 ಅಡಿ ಉದ್ದದ ದೋಣಿಯೊಂದನ್ನು ಕಟ್ಟಿಸತೊಡಗಿದರು. ಮುಂಬಯಿಗೆ ಈ ವಿದ್ಯೆ ಹೊಸದಲ್ಲ. ಅಲ್ಲಿನ ವಾಡಿಯಾ ಮನೆತನದವರು ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನಲ್ಲಿ ಸಂರಕ್ಷಿತವಾಗಿದೆ. ಅದೇ ಪರಂಪರೆಯ ಕುಶಲಕರ್ಮಿಗಳು ಬಾಚಿ, ಬೈರಿಗೆಗಳಂತಹ ಕೈಸಾಧನಗಳಿಂದಲೇ ಈ ದೋಣಿಯನ್ನು ರೂಪಿಸಿದರು. ಅರಬ್ ನಾವಿಕರು ಆಗ್ನೇಯದ ಗಾಳಿಗೆ ಕರೆಯುವ ‘ಸುಹೈಲಿ’ ಎಂಬ ಹೆಸರು ಅದಕ್ಕಾಯಿತು. ಮುಂದೆ ಅದರಲ್ಲಿಯೇ ಅವರು ಮುಂಬಯಿಯಿಂದ ಇಂಗ್ಲೆಂಡಿಗೆ ಪಯಣಿಸಿದರು. ದೋಣಿಯ ಗುಣದೋಷಗಳೆರಡೂ ಅವರಿಗೆ ಮನವರಿಕೆಯಾದದ್ದು ಆ ದೀರ್ಘ ಪಯಣದಲ್ಲಿ.

ಸ್ಪರ್ಧೆಗೆ ಹೊಸ ದೋಣಿ ಕಟ್ಟಿಸಲು ಹಣ ಕೂಡಲಿಲ್ಲ. ಹಳೆಯದನ್ನೇ ಅಣಿಗೊಳಿಸಿದರು. ಇಂತಹ ಸಿದ್ಧತೆಯಲ್ಲಿ ಚಿಕ್ಕದೆಂಬ ಕೆಲಸವೇ ಇಲ್ಲ. ಹಲಗೆಗಳ ಸಂದಿಗೆ ಹತ್ತಿಯ ಎಳೆ ತುರುಕಿ ಮೇಲೆ ಲೇಪ ಹಚ್ಚಬೇಕು. ಹಾಯಿಕಂಬವನ್ನು ಬಿಗಿದಿಡುವ ಉಕ್ಕಿನ ಹುರಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಹಾಯಿಯ ಅಂಚುಗಳಿಗೆ ಮರುಹೊಲಿಗೆ ಹಾಕಬೇಕು. ತೇವಕ್ಕೆ ಕಾಗದ ಕಳಚಿಹೋದರೆ ಯಾವ ಡಬ್ಬಿಯಲ್ಲಿ ಯಾವ ಆಹಾರವೆಂಬುದೇ ತಿಳಿಯದು. ಆದುದರಿಂದ ಸಾವಿರಕ್ಕೂ ಮೀರಿದ ಡಬ್ಬಿಗಳ ಮೇಲಿನ ಕಾಗದ ಕಿತ್ತು, ಗುರುತು ಬರೆದು, ವಾರ್ನಿಷ್ ಬಳಿಯಲಾಯಿತು.

1968ರ ಜೂನ್ 14ರಂದು ಫಾಲ್ಮತ್ ಬಂದರನ್ನು ಬಿಟ್ಟ ‘ಸುಹೈಲಿ’ಗೆ ಅನತಿಕಾಲದಲ್ಲಿಯೇ ಸಂಕಟ ಎದುರಾಯಿತು. ತಳದ ದಿಮ್ಮಿಗೆ ಹಲಗೆ ಕೂಡುವ ಸಂದಿನಲ್ಲಿ ನೀರು ಒಸರತೊಡಗಿತು. ನಾಕ್ಸ್-ಜಾನ್‌ಸ್ಟನ್ ನಡುಗಡಲಿನಲ್ಲಿ ಮುಳುಗಿ, ಸಂದಿಗೆ ಹತ್ತಿ ಗಿಡಿದು, ಮೇಲೆ ತಾಮ್ರದ ಪಟ್ಟಿ ಹೊಡೆದರು. ಬಳಿ ಸುಳಿದ ಶಾರ್ಕ್ ಮೀನಿಗೆ ಗುಂಡು ಹಾರಿಸಿ ಕೆಲಸ ಮುಂದುವರಿಸಿದರು. ವಿದ್ಯುತ್ ಯಂತ್ರದ ಭಾಗವೊಂದರ ಅಂತರವನ್ನು ಸರಿಪಡಿಸಲು ಅಳತೆಯ ಸಾಧನ ಇರಲಿಲ್ಲ. ಪುಸ್ತಕವೊಂದರ 200 ಹಾಳೆ ಸೇರಿದರೆ ಒಂದು ಅಂಗುಲ. ಹಾಗಾದರೆ ಒಂದು ಹಾಳೆ ಅಂಗುಲದ 200ನೇ ಒಂದು ಭಾಗವೆಂದು ಲೆಕ್ಕ ಹಾಕಿ, ಹಾಳೆಗಳಿಂದಲೇ ಅಳೆದರು! ಬಿರುಗಾಳಿಯ ಹೊಡೆತದ ನಂತರ ಕುಡಿಯುವ ನೀರು ಕೆಟ್ಟಾಗ ಮಳೆನೀರು ಹಿಡಿದರು. ತಾನಾಗಿ ದಿಕ್ಕು ಕಾಯುವ ಸಾಧನ ಮುರಿದಾಗ ಹಾಯಿಗಳನ್ನು ಸರಿತೂಗಿಸಿಯೇ ದೋಣಿಯನ್ನು ನಡೆಸಿದರು. 1969ರ ಏಪ್ರಿಲ್ 22ರಂದು, 312 ದಿನಗಳ ಬಳಿಕ, ಹೊರಟ ಬಂದರಿಗೇ ಮರಳಿದರು.

ಅವಸರದ ಬೆಲೆ

ಇನ್ನೊಂದು ದೋಣಿ ‘ಟಿನ್‌ಮತ್ ಎಲೆಕ್ಟ್ರಾನ್’. ಡೊನಾಲ್ಡ್ ಕ್ರೌಹರ್ಸ್ಟ್ ಎಂಬ ವ್ಯಾಪಾರಿ ತಮ್ಮ ಉದ್ಯಮವನ್ನೂ ಮನೆಯನ್ನೂ ಪಣಕ್ಕೊಡ್ಡಿ ಅದನ್ನು ಕಟ್ಟಿಸಿದ್ದರು. ವಿನ್ಯಾಸ ಹೊಸದು, ವೇಗದ್ದು. ಆದರೆ ಅದು ನೀರಿಗಿಳಿದದ್ದೇ ಸೆಪ್ಟೆಂಬರ್ ಕೊನೆಯ ಭಾಗದಲ್ಲಿ. ಕೊರತೆಗಳನ್ನು ಕಂಡು ಸರಿಪಡಿಸಲು ಕಾಲಾವಕಾಶವೇ ಉಳಿಯಲಿಲ್ಲ. ಕಡೆಯ ದಿನವಾದ ಅಕ್ಟೋಬರ್ 31ರಂದು ಅವರು ಹೊರಟಾಗ, ದೋಣಿಯೊಳಗೆ ನುಗ್ಗಿದ ನೀರನ್ನು ಹೊರಹಾಕಲು ಬೇಕಾದ ಕೊಳವೆ ದಡದಲ್ಲಿಯೇ ಉಳಿದಿತ್ತು. ಬಿಡಿಭಾಗಗಳ ರಾಶಿಯೂ ಹಿಂದುಳಿಯಿತು.

ಮುಂದೆ ಸಾಗಿದರೆ ಸಾವು, ಹಿಂದಿರುಗಿದರೆ ದಿವಾಳಿ. ಈ ಇಕ್ಕಟ್ಟಿನಲ್ಲಿ ಕ್ರೌಹರ್ಸ್ಟ್ ಅಟ್ಲಾಂಟಿಕ್ ಸಾಗರದಲ್ಲಿಯೇ ಸುತ್ತುತ್ತ, ತಾವೆಲ್ಲಿರುವೆವೆಂಬ ಬಗೆಗೆ ಸುಳ್ಳು ಸಂದೇಶಗಳನ್ನು ಕಳುಹಿಸತೊಡಗಿದರು. 1969ರ ಜುಲೈ 10ರಂದು ಆ ದೋಣಿ ದೊರೆಯಿತು, ಅದರಲ್ಲಿ ಅವರಿರಲಿಲ್ಲ. ಹೆಂಡತಿ ಮತ್ತು ನಾಲ್ವರು ಮಕ್ಕಳು ಅನಾಥರಾದರು. ತಮಗೆ ಸಂದ 5,000 ಪೌಂಡ್ ಬಹುಮಾನವನ್ನು ನಾಕ್ಸ್-ಜಾನ್‌ಸ್ಟನ್ ಆ ಕುಟುಂಬಕ್ಕೇ ಅರ್ಪಿಸಿದರು.

ಮಹದಾಯಿಯ ಹೆಸರಿನಲ್ಲಿ

ಅದೇ ನಾಕ್ಸ್-ಜಾನ್‌ಸ್ಟನ್ನರ ಮಾರ್ಗದರ್ಶನ ಮುಂದೆ ಭಾರತೀಯರಿಗೂ ಒದಗಿತು. ನಮ್ಮ ನೌಕಾಪಡೆಯ ಕಮಾಂಡರ್ ದಿಲೀಪ್ ದೊಂಡೆಯವರು ಅವರಿಂದ ಸಲಹೆ ಪಡೆದು, ಗೋವೆಯಲ್ಲಿ ತಮ್ಮ ದೋಣಿ ಸಿದ್ಧವಾಗುವಾಗ ಜೊತೆಗಿದ್ದು ಅದರ ಅಂಗಾಂಗಗಳನ್ನೆಲ್ಲ ಅರಿತರು. ಆ ದೋಣಿಗಿಟ್ಟ ಹೆಸರು ‘ಮಹದಾಯಿ’. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿ ಗೋವೆಗೆ ಹರಿಯುವ ನಮ್ಮ ನದಿಯದೇ ಹೆಸರು. 2009ರ ಆಗಸ್ಟ್ 19ರಂದು ಮುಂಬಯಿಯಿಂದ ಹೊರಟ ದೊಂಡೆಯವರು 4 ಬಂದರುಗಳಲ್ಲಿ ತಂಗಿ, ಮರುವರ್ಷದ ಮೇ ತಿಂಗಳಿನಲ್ಲಿ ಹಿಂದಿರುಗಿ, ಹಾಯಿದೋಣಿಯಲ್ಲಿ ಏಕಾಂಗಿಯಾಗಿ ಭೂಪ್ರದಕ್ಷಿಣೆ ಮಾಡಿದ ಮೊದಲ ಭಾರತೀಯರೆನಿಸಿದರು.

ಧೈರ್ಯ ಕ್ರೌಹರ್ಸ್ಟರಿಗೂ ಇತ್ತು. ಅವರಿಗಿಲ್ಲದಿದ್ದುದು ಸಮಯ, ಮತ್ತು ಇನ್ನೂ ಸಿದ್ಧವಾಗಿಲ್ಲವೆಂದು ನಿಲ್ಲುವ ಸ್ವಾತಂತ್ರ್ಯ. ನಮ್ಮ ಮಕ್ಕಳನ್ನು ಪರೀಕ್ಷೆಗೋ ಉದ್ಯೋಗಕ್ಕೋ ದೂರದೇಶಕ್ಕೋ ಕಳುಹಿಸುವಾಗ ಹಿರಿಯರಾದ ನಾವು ಇವೆರಡನ್ನು ಅವರಿಗೆ ಉಳಿಸಿಕೊಡುವುದು ಒಳಿತು.